ಹಳೆಯ ಕಟ್ಟಿಗೆ ಒಲೆಯ ಒಳಭಾಗಗಳ ಬದಲಾವಣೆ ಮತ್ತು ದುರಸ್ತಿ: ಸಾರ್ವಜನಿಕರಿಗೆ ಮಾಹಿತಿ

(ಗದಗ-ಬೆಟಗೇರಿ ನಗರ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ನಾಗರಿಕರ ಉಪಯೋಗಕ್ಕಾಗಿ)

1. ಪೀಠಿಕೆ

ಅಡುಗೆ ಅನಿಲ ಸಂಪರ್ಕ ಪಡೆದ ಮನೆಗಳಲ್ಲಿಯೂ ಜೋಳದ ರೊಟ್ಟಿ ಸುಡುವುದಕ್ಕೆ, ಹಂಡೆಯಲ್ಲಿ ಸ್ನಾನದ ನೀರು ಕಾಯಿಸುವುದಕ್ಕೆ, ಹಬ್ಬ ಹಾಗೂ ಮದುವೆಗಳ ದೊಡ್ಡ ಅಡುಗೆಗೆ ಕಟ್ಟಿಗೆ ಒಲೆ ಇಂದಿಗೂ ಬಳಕೆಯಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಕುಟುಂಬಗಳ ಪ್ರಮಾಣ 2015-16ರಲ್ಲಿ ಶೇ. 43.8 ಇದ್ದು, 2019-21ರಲ್ಲಿ ಶೇ. 58.6ಕ್ಕೆ ಏರಿತು. ಉಳಿದ ಕುಟುಂಬಗಳು ಕಟ್ಟಿಗೆ, ಕುಳ್ಳು ಹಾಗೂ ಬೆಳೆಯ ಕಡ್ಡಿಗಳಂತಹ ಇಂಧನವನ್ನೇ ಮುಖ್ಯವಾಗಿ ಅವಲಂಬಿಸಿದ್ದವು.

ಮನೆಯೊಳಗಿನ ಹೊಗೆಯು ಕೇವಲ ಕಣ್ಣುರಿಯ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ 32 ಲಕ್ಷ ಜನರು ಮರಣ ಹೊಂದಿದರು, ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಒಲೆಯ ಮುಂದೆ ಹೆಚ್ಚು ಹೊತ್ತು ಕುಳಿತುಕೊಳ್ಳುವ ಮಹಿಳೆಯರು ಹಾಗೂ ಅವರ ಮಡಿಲಿನಲ್ಲಿರುವ ಕೂಸುಗಳು ಈ ಹೊಗೆಗೆ ಮೊದಲು ಒಳಗಾಗುತ್ತಾರೆ.

ಒಲೆ ಹೊಗೆ ಕಾರತೊಡಗಿದಾಗ ಅದನ್ನು ಒಡೆದು ಮೂರು ಕಲ್ಲಿನ ಒಲೆಗೆ ಮರಳುವುದು ಅಥವಾ ಹೊಗೆಯನ್ನು ಸಹಿಸಿಕೊಂಡು ಅದರಲ್ಲಿಯೇ ಅಡುಗೆ ಮುಂದುವರಿಸುವುದು ಸಾಮಾನ್ಯವಾಗಿದೆ. ಇವೆರಡೂ ಅನಿವಾರ್ಯವಲ್ಲ. ಒಲೆಯ ಹೊರಮೈ ಗಟ್ಟಿಯಾಗಿದ್ದಲ್ಲಿ ದೋಷವು ಬಹುತೇಕ ಒಳಭಾಗಗಳಲ್ಲಿರುತ್ತದೆ. ಸವೆದ ಭಾಗವನ್ನು ಸರಿಯಾದ ಅಳತೆಯಲ್ಲಿ ಬದಲಿಸಿದರೆ ಹಳೆಯ ಒಲೆಯು ಪುನಃ ಕಡಿಮೆ ಕಟ್ಟಿಗೆಯಲ್ಲಿ, ಕಡಿಮೆ ಹೊಗೆಯೊಂದಿಗೆ ಉರಿಯುತ್ತದೆ. ಅದನ್ನು ಮಾಡುವ ಕ್ರಮವನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

2. ಸುಧಾರಿತ ಒಲೆಗಳ ಹಿನ್ನೆಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ 1974ರಲ್ಲಿ 'ಅಸ್ತ್ರ' ಎಂಬ ಘಟಕವು ಪ್ರಾರಂಭವಾಯಿತು. ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರು ಇದರ ರೂವಾರಿಗಳು. ಈ ಘಟಕವು ರೂಪಿಸಿದ ಮೂರು ಪಾತ್ರೆಗಳ, ಹೊಗೆ ಕೊಳವೆಯುಳ್ಳ ಒಲೆಯು 'ಅಸ್ತ್ರ ಒಲೆ' ಎಂಬ ಹೆಸರಿನಿಂದ 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ತಲುಪಿತು. ಇದನ್ನು ಪ್ರಚಾರಕ್ಕೆ ತರುವಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಪಾಲ್ಗೊಂಡಿತ್ತು.

ಇದೇ ಕಾಲದಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 1983ರಲ್ಲಿ ಆರಂಭವಾದ ಈ ಕಾರ್ಯಕ್ರಮವು 2002ರಲ್ಲಿ ಮುಕ್ತಾಯಗೊಂಡಿತು. 2014ರಲ್ಲಿ ಉನ್ನತ ಚೂಲ್ಹಾ ಅಭಿಯಾನದ ಮೂಲಕ ಸಾಗಿಸಬಹುದಾದ ಲೋಹದ ಒಲೆಗಳಿಗೆ ಪ್ರೋತ್ಸಾಹ ನೀಡಲಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶವೆಂದರೆ, 2002ರಲ್ಲಿ ಮುಕ್ತಾಯಗೊಂಡ ಕಾರ್ಯಕ್ರಮದಡಿ ಈಗ ಒಲೆಯಾಗಲಿ ಬಿಡಿಭಾಗವಾಗಲಿ ಪೂರೈಕೆಯಾಗುವುದಿಲ್ಲ. ಅದರ ಹೆಸರಿನಲ್ಲಿ ಅರ್ಜಿ ನಮೂನೆ ಅಥವಾ ಶುಲ್ಕವನ್ನು ಕೇಳುವವರಿಗೆ ಹಣ ನೀಡಬಾರದು. ಹಳೆಯ ಒಲೆಗೆ ಬೇಕಾಗುವ ಭಾಗಗಳನ್ನು ಸ್ಥಳೀಯವಾಗಿ ಕಂಬಾರರು, ಕುಂಬಾರರು ಹಾಗೂ ತಗಡಿನ ಕೆಲಸಗಾರರಿಂದ ಮಾಡಿಸಿಕೊಳ್ಳಬಹುದಾಗಿದೆ.

3. ಒಲೆಯು ಕೆಲಸ ಮಾಡುವ ಕ್ರಮ

ಭಾಗ ಬದಲಿಸುವ ಮೊದಲು ಆ ಭಾಗದ ಕೆಲಸವನ್ನು ತಿಳಿದಿರುವುದು ಅವಶ್ಯ. ಒಲೆಯಲ್ಲಿ ಗಾಳಿ, ಉರಿ ಮತ್ತು ಹೊಗೆ ಒಂದೇ ದಾರಿಯಲ್ಲಿ ಸಾಗುತ್ತವೆ.

(ಅ) ಕಟ್ಟಿಗೆಯು ಕಬ್ಬಿಣದ ಜಾಲರಿಯ ಮೇಲೆ ಇರುತ್ತದೆ. ಜಾಲರಿಯ ಕೆಳಗಿನ ಬೂದಿಕುಳಿಯ ಮೂಲಕ ಗಾಳಿಯು ಮೇಲೆದ್ದು ಕೆಂಡವನ್ನು ಉರಿಸುತ್ತದೆ.

(ಆ) ಉರಿಯು ಒಳಗೋಡೆಗಳ ನಡುವಿನ ಉರಿಗೂಡಿನಲ್ಲಿ ಮೇಲೇರಿ ಮೊದಲ ಪಾತ್ರೆಯ ತಳವನ್ನು ಕಾಯಿಸುತ್ತದೆ.

(ಇ) ಅಲ್ಲಿಂದ ಬಿಸಿಗಾಳಿಯು ಒಳಗಿನ ಹೊಗೆ ದಾರಿಯಲ್ಲಿ ಸಾಗಿ ಎರಡನೆಯ ಹಾಗೂ ಮೂರನೆಯ ಪಾತ್ರೆಗಳನ್ನು ಕಾಯಿಸುತ್ತದೆ. ದಾರಿಯ ನೆಲವನ್ನು ಪಾತ್ರೆಯ ಕೆಳಗೆ ಎತ್ತರಿಸಿ ಮಾಡಿದ ಅಡ್ಡಗಟ್ಟೆಯು ಬಿಸಿಗಾಳಿಯನ್ನು ಪಾತ್ರೆಯ ತಳಕ್ಕೆ ತಾಗಿಸುತ್ತದೆ.

(ಈ) ಕೊನೆಗೆ ಹೊಗೆಯು ಕೊಳವೆಯಲ್ಲಿ ಮೇಲೇರಿ ಹೊರಹೋಗುತ್ತದೆ. ಬಿಸಿಯಾದ ಹೊಗೆ ಮೇಲೇರುವುದರಿಂದಲೇ ಕೆಳಗಿನಿಂದ ಹೊಸ ಗಾಳಿ ಒಳಬರುತ್ತದೆ. ಇದನ್ನು ಗಾಳಿಯ ಸೆಳೆತ ಎನ್ನಬಹುದು.

ಈ ದಾರಿಯಲ್ಲಿ ಎಲ್ಲಿಯೇ ಕಟ್ಟಿಕೊಂಡರೂ ಅಥವಾ ಸೋರಿದರೂ ಸೆಳೆತ ಕುಗ್ಗುತ್ತದೆ. ಸೆಳೆತ ಕುಗ್ಗಿದೊಡನೆ ಹೊಗೆಯು ಒಲೆಯ ಬಾಯಿಯಿಂದ ಅಡುಗೆಮನೆಗೆ ಬರುತ್ತದೆ. ಆದ್ದರಿಂದ ಹೊಗೆ ಕಾಣುವ ಜಾಗವೇ ದೋಷದ ಜಾಗವೆಂದು ಭಾವಿಸತಕ್ಕದ್ದಲ್ಲ.

4. ದೋಷವನ್ನು ಗುರುತಿಸುವುದು

ಒಲೆಯು ಸಂಪೂರ್ಣ ತಣ್ಣಗಾದ ನಂತರ, ಹಗಲು ಬೆಳಕಿನಲ್ಲಿ ಪರೀಕ್ಷಿಸುವುದು. ಸಾಮಾನ್ಯ ಲಕ್ಷಣಗಳು ಹಾಗೂ ಅವುಗಳ ಕಾರಣಗಳು ಕೆಳಕಂಡಂತಿವೆ.

* ಹೊತ್ತಿಸಿದ ಕೂಡಲೇ ಬಾಯಿಯಿಂದ ಹೊಗೆ ಬರುವುದು: ಕೊಳವೆ ಅಥವಾ ಹೊಗೆ ದಾರಿಯಲ್ಲಿ ಮಸಿ ಕಟ್ಟಿರುವುದು.
* ಪದೇ ಪದೇ ಊದುಗೊಳವೆಯಿಂದ ಊದಬೇಕಾಗುವುದು: ಬೂದಿಕುಳಿ ತುಂಬಿರುವುದು, ಜಾಲರಿ ಕುಸಿದಿರುವುದು ಅಥವಾ ಕಟ್ಟಿಗೆ ಹಸಿಯಾಗಿರುವುದು.
* ಮೊದಲ ಪಾತ್ರೆ ಕಾದರೂ ಉಳಿದವು ಕಾಯದಿರುವುದು: ಅಡ್ಡಗಟ್ಟೆ ಸವೆದಿರುವುದು ಅಥವಾ ದಾರಿಯಲ್ಲಿ ಮಣ್ಣು ಕುಸಿದಿರುವುದು.
* ಪಾತ್ರೆಯ ಸುತ್ತಲೂ ಹೊಗೆ ಏಳುವುದು: ಪಾತ್ರೆ ಕೂರುವ ರಂಧ್ರದ ಅಂಚು ಒಡೆದಿರುವುದು.
* ಕಟ್ಟಿಗೆ ಬೇಗ ಉರಿದುಹೋಗಿಯೂ ಅಡುಗೆ ತಡವಾಗುವುದು: ಉರಿಗೂಡು ಸವೆದು ಅಗಲವಾಗಿರುವುದು.
* ಗಾಳಿ ಬೀಸಿದಾಗ ಮಾತ್ರ ಹೊಗೆ ಮರಳುವುದು: ಕೊಳವೆಯ ಎತ್ತರ ಸಾಲದಿರುವುದು ಅಥವಾ ಅದರ ಟೋಪಿ ಬಿದ್ದಿರುವುದು.

ಖರ್ಚಿಲ್ಲದ ಕೆಲಸವನ್ನು ಮೊದಲು ಮಾಡುವುದು ಸೂಕ್ತ. ಬೂದಿ ಮತ್ತು ಮಸಿಯನ್ನು ತೆಗೆದು, ಒಣಗಿದ ಕಟ್ಟಿಗೆಯಿಂದ ಒಮ್ಮೆ ಉರಿಸಿ ನೋಡಿದ ನಂತರವೂ ದೋಷವಿದ್ದಲ್ಲಿ ಮಾತ್ರ ಭಾಗ ಬದಲಿಸಬೇಕು. ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಿ ಪರೀಕ್ಷಿಸಿದರೆ ಯಾವುದರಿಂದ ಗುಣ ಕಂಡಿತೆಂಬುದು ತಿಳಿಯುತ್ತದೆ.

5. ಬದಲಿಸಬಹುದಾದ ಒಳಭಾಗಗಳು

5.1 ಜಾಲರಿ

ಜಾಲರಿಯು ಬೀಡು ಕಬ್ಬಿಣದ್ದಾಗಿದ್ದರೆ ಹೆಚ್ಚು ಕಾಲ ಬಾಳುತ್ತದೆ. ಅದು ಬಾಗಿದ್ದರೆ, ಸರಳುಗಳು ಮುರಿದಿದ್ದರೆ ಅಥವಾ ಕಳೆದುಹೋಗಿದ್ದರೆ ಕಟ್ಟಿಗೆಯು ಬೂದಿಯ ಮೇಲೆ ಬಿದ್ದು ಗಾಳಿಯಿಲ್ಲದೆ ಹೊಗೆಯಾಡುತ್ತದೆ. ಹಳೆಯ ಜಾಲರಿಯು ತುಂಡಾಗಿದ್ದರೂ ಎಸೆಯದೆ ಅಳತೆಗಾಗಿ ತೆಗೆದುಕೊಂಡು ಹೋಗಬೇಕು. ಅದು ಇಲ್ಲವಾದಲ್ಲಿ ಉರಿಗೂಡಿನ ನೆಲದ ಅಗಲ-ಉದ್ದವನ್ನು ರಟ್ಟಿನ ಮೇಲೆ ಕತ್ತರಿಸಿ ಒಯ್ಯುವುದು.

ಕಾದ ಕಬ್ಬಿಣ ಹಿಗ್ಗುವುದರಿಂದ ಜಾಲರಿಯನ್ನು ಗೋಡೆಗೆ ಬಿಗಿಯಾಗಿ ಮಣ್ಣು ಮೆತ್ತಿ ಕೂರಿಸಬಾರದು. ಸುತ್ತಲೂ ಕೆಲವು ಮಿಲಿಮೀಟರ್ ಸಡಿಲ ಬಿಟ್ಟು, ಎತ್ತಿ ತೆಗೆಯಲು ಬರುವಂತೆ ಅಂಚಿನ ಮೇಲೆ ಇಡತಕ್ಕದ್ದು. ಸರಳುಗಳ ನಡುವೆ ಬೂದಿ ಉದುರುವಷ್ಟು ಅಂತರವಿರಬೇಕು; ದೊಡ್ಡ ಕೆಂಡ ಬೀಳುವಷ್ಟು ಇರಬಾರದು. ಬೀಡು ಕಬ್ಬಿಣ ದೊರೆಯದಿದ್ದಲ್ಲಿ ದಪ್ಪ ಕಬ್ಬಿಣದ ಸರಳುಗಳನ್ನು ಬೆಸುಗೆ ಹಾಕಿಸಿ ಬಳಸಬಹುದು. ಇವು ಬೇಗ ಬಾಗುವುದರಿಂದ ಆಗಾಗ್ಗೆ ತಿರುಗಿಸಿ ಇಡಬೇಕು.

5.2 ಉರಿಗೂಡಿನ ಒಳಪದರ

ಒಳಪದರವು ಬಿರುಕು ಬಿಟ್ಟು ಉದುರಿದಾಗ ಉರಿಗೂಡು ದೊಡ್ಡದಾಗುತ್ತದೆ. ದೊಡ್ಡ ಗೂಡಿನಲ್ಲಿ ಉರಿ ಹರಡಿ ತಣ್ಣಗಾಗುತ್ತದೆ. ಆದ್ದರಿಂದ ಪದರವನ್ನು ಮೂಲ ಅಳತೆಗೇ ತರಬೇಕು.

ಈ ತಾಲ್ಲೂಕುಗಳಲ್ಲಿ ಎರೆ ಮತ್ತು ಮಸಾರಿ ಎಂಬ ಎರಡೂ ಬಗೆಯ ಮಣ್ಣು ದೊರೆಯುತ್ತದೆ. ಎರೆ ಮಣ್ಣು ಒಣಗಿದಾಗ ಹೆಚ್ಚು ಕುಗ್ಗಿ ಬಿರುಕು ಬಿಡುವುದರಿಂದ ಒಳಪದರಕ್ಕೆ ಯೋಗ್ಯವಲ್ಲ. ಮಸಾರಿ ಮಣ್ಣು ಅಥವಾ ಹಾವುಗಳಿಲ್ಲದ ಹಳೆಯ ಹುತ್ತದ ಮಣ್ಣನ್ನು ಜರಡಿ ಹಿಡಿದು, ಸಣ್ಣ ಹೊಟ್ಟು ಮತ್ತು ಸಗಣಿಯನ್ನು ಸೇರಿಸಿ, ನೀರಿನಲ್ಲಿ ಕಲಸಿ ಒಂದೆರಡು ದಿನ ನೆನೆಯಲು ಬಿಟ್ಟು ಚೆನ್ನಾಗಿ ತುಳಿಯಬೇಕು. ಇದರಿಂದ ಒಂದು ಸಣ್ಣ ಬಿಲ್ಲೆಯನ್ನು ಮಾಡಿ ನೆರಳಿನಲ್ಲಿ ಒಣಗಿಸಿ ನೋಡುವುದು. ಬಿರುಕು ಬಿಟ್ಟರೆ ಮರಳು ಅಥವಾ ಹೊಟ್ಟನ್ನು, ಕೈಯಲ್ಲಿ ಪುಡಿಯಾದರೆ ಜಿಗುಟು ಮಣ್ಣನ್ನು ಹೆಚ್ಚಿಸಬೇಕು.

ಹಳೆಯ ಸಡಿಲ ಪದರವನ್ನು ಕೆರೆದು, ಗೋಡೆಯನ್ನು ನೀರಿನಿಂದ ತೇವ ಮಾಡಿ, ಹೊಸ ಮಣ್ಣನ್ನು ತೆಳುವಾದ ಎರಡು-ಮೂರು ಪದರಗಳಲ್ಲಿ ಮೆತ್ತತಕ್ಕದ್ದು. ಒಮ್ಮೆಲೇ ದಪ್ಪವಾಗಿ ಮೆತ್ತಿದ ಮಣ್ಣು ಉದುರುತ್ತದೆ. ಕುಂಬಾರರಿಂದ ಸುಟ್ಟ ಮಣ್ಣಿನ ಬಳೆಯನ್ನು ಅಳತೆಗೆ ಮಾಡಿಸಿ ಕೂರಿಸುವುದೂ ಉತ್ತಮ ವಿಧಾನವಾಗಿದೆ.

ಸಾಮಾನ್ಯ ಸಿಮೆಂಟನ್ನು ಉರಿಗೂಡಿನ ಒಳಗೆ ಬಳಸಬಾರದು. ಅದು ಉರಿಯ ಶಾಖಕ್ಕೆ ಬಲ ಕಳೆದುಕೊಂಡು ಒಡೆಯುತ್ತದೆ. ಹೊಳೆಯ ಕಲ್ಲುಗಳಲ್ಲಿ ನೀರಿನಂಶವಿದ್ದರೆ ಕಾದಾಗ ಸಿಡಿಯುವ ಸಂಭವವಿರುವುದರಿಂದ ಅವುಗಳನ್ನೂ ಬಳಸಬಾರದು.

5.3 ಹೊಗೆ ದಾರಿ ಮತ್ತು ಅಡ್ಡಗಟ್ಟೆ

ಪಾತ್ರೆಗಳ ರಂಧ್ರಗಳ ಮೂಲಕ ಕೈಹಾಕಿ ಮಸಿ ಮತ್ತು ಕುಸಿದ ಮಣ್ಣನ್ನು ತೆಗೆಯಬೇಕು. ಅಡ್ಡಗಟ್ಟೆಯ ಮೇಲ್ಭಾಗಕ್ಕೂ ಪಾತ್ರೆಯ ತಳಕ್ಕೂ ನಡುವೆ ಬೆರಳಿನ ಅಗಲದಷ್ಟು ಸಂದು ಉಳಿಯುವಂತೆ ಗಟ್ಟೆಯನ್ನು ಪುನಃ ಕಟ್ಟುವುದು. ಸಂದು ಹೆಚ್ಚಾದರೆ ಬಿಸಿಗಾಳಿ ಪಾತ್ರೆಯನ್ನು ತಾಗದೆ ಹೋಗುತ್ತದೆ. ತೀರಾ ಕಡಿಮೆಯಾದರೆ ಮಸಿಯಿಂದ ಕಟ್ಟಿಕೊಳ್ಳುತ್ತದೆ.

5.4 ಪಾತ್ರೆ ಕೂರುವ ರಂಧ್ರ

ಈ ರಂಧ್ರಗಳನ್ನು ಮನೆಯಲ್ಲಿ ನಿತ್ಯ ಬಳಸುವ ಪಾತ್ರೆಗಳ ಅಳತೆಗೇ ಮಾಡಬೇಕು. ಅಂಚಿಗೆ ತೇವ ಮಣ್ಣು ಮೆತ್ತಿ, ಹೊರಭಾಗಕ್ಕೆ ನೀರು ಸವರಿದ ಪಾತ್ರೆಯನ್ನು ಅದರಲ್ಲಿ ಕೂರಿಸಿ ತಿರುಗಿಸಿದರೆ ಅಚ್ಚು ಮೂಡುತ್ತದೆ. ಬಳಸದಿರುವ ರಂಧ್ರವನ್ನು ಮುಚ್ಚಳ ಅಥವಾ ನೀರು ತುಂಬಿದ ಪಾತ್ರೆಯಿಂದ ಮುಚ್ಚಿಡತಕ್ಕದ್ದು. ತೆರೆದ ರಂಧ್ರವೊಂದು ಇಡೀ ಒಲೆಯ ಸೆಳೆತವನ್ನು ಕೆಡಿಸುತ್ತದೆ.

ರೊಟ್ಟಿ ಸುಡುವ ಮನೆಗಳಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಹಂಚು ಚಪ್ಪಟೆಯಾಗಿರುವುದರಿಂದ ಪಾತ್ರೆಗೆಂದು ಮಾಡಿದ ರಂಧ್ರದ ಮೇಲೆ ಅದು ಒಂದೆಡೆ ಎದ್ದು ಕೂರುತ್ತದೆ. ಅದಕ್ಕಾಗಿ ರಂಧ್ರದ ಮೇಲಂಚನ್ನು ಸಮತಟ್ಟು ಮಾಡಬೇಕು. ಎರಡನೆಯದಾಗಿ, ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸುವ ಸಲುವಾಗಿ ಒಲೆಯ ಬಾಯಿಯನ್ನು ಅಗಲ ಮಾಡುವ ರೂಢಿಯಿದೆ. ಬಾಯಿ ಅಗಲವಾದರೆ ತಣ್ಣನೆಯ ಗಾಳಿ ಹೆಚ್ಚಾಗಿ ನುಗ್ಗಿ ಉರಿ ತಗ್ಗುತ್ತದೆ. ಬಾಯಿಯನ್ನು ಹಾಗೆಯೇ ಉಳಿಸಿ, ಅದರ ಮುಂದೆ ಕೆಂಡ ಎಳೆದುಕೊಳ್ಳಲು ಚಿಕ್ಕ ಕಟ್ಟೆಯನ್ನು ಕಟ್ಟಿಕೊಳ್ಳುವುದು ಸೂಕ್ತ.

5.5 ಹೊಗೆ ಕೊಳವೆ

ಕೊಳವೆಯನ್ನು ಬದಲಿಸುವಾಗ ಮೊದಲಿದ್ದ ಒಳವ್ಯಾಸಕ್ಕಿಂತ ಕಿರಿದಾದುದನ್ನು ಹಾಕಬಾರದು. ಆದಷ್ಟು ನೇರವಾಗಿರಬೇಕು, ಪ್ರತಿ ತಿರುವೂ ಸೆಳೆತವನ್ನು ಕುಗ್ಗಿಸುತ್ತದೆ. ಮಾಳಿಗೆಯಿಂದ ಕನಿಷ್ಠ 60 ಸೆಂ.ಮೀ. ಮೇಲಕ್ಕೆ ಹಾಗೂ ಸಮೀಪದ ಗೋಡೆಗಿಂತ ಎತ್ತರಕ್ಕೆ ಇರಬೇಕು. ಗಾಳಿಯಂತ್ರಗಳನ್ನು ಸ್ಥಾಪಿಸುವಷ್ಟು ಗಾಳಿಯಿರುವ ಈ ಜಿಲ್ಲೆಯಲ್ಲಿ ಕೊಳವೆಯ ತುದಿಗೆ ಟೋಪಿ ಹಾಕುವುದನ್ನು ಮರೆಯಬಾರದು. ಟೋಪಿಯು ಮಳೆಯನ್ನೂ ಕೆಳಮುಖವಾಗಿ ನುಗ್ಗುವ ಗಾಳಿಯನ್ನೂ ತಡೆಯುತ್ತದೆ.

ಜಂತಿ-ತೊಲೆಗಳಿರುವ ಮಣ್ಣಿನ ಮಾಳಿಗೆ ಮನೆಗಳಲ್ಲಿ ತಗಡಿನ ಕೊಳವೆಯು ಮರಕ್ಕೆ ತಾಗಕೂಡದು. ಮರದಿಂದ 45 ಸೆಂ.ಮೀ. ದೂರವಿಡಲು ಸಾಧ್ಯವಾಗದಿದ್ದಲ್ಲಿ ನಡುವೆ ಇಟ್ಟಿಗೆ ಮತ್ತು ಮಣ್ಣಿನಿಂದ ದಪ್ಪ ತಡೆಯನ್ನು ಕಟ್ಟಿಸಬೇಕು.

ಮುಖ್ಯ ಎಚ್ಚರಿಕೆ: ಹಳೆಯ ಸುಧಾರಿತ ಒಲೆಗಳಿಗೆ ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಅಳವಡಿಸಿರುವುದುಂಟು. ಎಲ್ಲ ಬಗೆಯ ಕಲ್ನಾರು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅದರ ಧೂಳು ಉಸಿರಿನೊಂದಿಗೆ ಒಳಹೋಗುವುದೇ ಅಪಾಯ. ಇಂತಹ ಕೊಳವೆಯನ್ನು ಗರಗಸದಿಂದ ಕೊಯ್ಯಬಾರದು, ತೂತು ಕೊರೆಯಬಾರದು, ಒಡೆಯಬಾರದು ಹಾಗೂ ಒಳಗಿನ ಮಸಿಯನ್ನು ತಂತಿ ಕುಂಚದಿಂದ ಉಜ್ಜಬಾರದು. ಬದಲಿಸುವುದಿದ್ದಲ್ಲಿ ನೀರಿನಿಂದ ಚೆನ್ನಾಗಿ ತೋಯಿಸಿ, ಇಡಿಯಾಗಿ ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಬೇಕು. ಅದರ ವಿಲೇವಾರಿಯ ಬಗ್ಗೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆ, ನಗರಸಭೆಯನ್ನು ವಿಚಾರಿಸಬೇಕು. ಮಕ್ಕಳನ್ನು ದೂರವಿಡಬೇಕು. ಹೊಸ ಕೊಳವೆಯಾಗಿ ಸುಟ್ಟ ಮಣ್ಣಿನ, ಇಟ್ಟಿಗೆಯ ಅಥವಾ ಕಬ್ಬಿಣದ ತಗಡಿನ ಕೊಳವೆಯನ್ನು ಆಯ್ದುಕೊಳ್ಳಬಹುದು.

6. ಬಳಸಿದ ಲೋಹದ ಒಲೆಯನ್ನು ಕೊಳ್ಳುವಾಗ

ಸಂತೆಯಲ್ಲಿ ಅಥವಾ ಗುಜರಿಯಲ್ಲಿ ದೊರೆಯುವ ಲೋಹದ ಒಲೆಗಳನ್ನು ಹೊರಬಣ್ಣ ನೋಡಿ ಕೊಳ್ಳಬಾರದು. ಒಳಗಿನ ಸಿಲಿಂಡರ್ ತುಕ್ಕು ಹಿಡಿದು ತೂತಾಗಿದೆಯೇ, ಸುಟ್ಟ ಮಣ್ಣಿನ ಒಳಪದರ ಒಡೆದಿದೆಯೇ, ಜಾಲರಿ ಇದೆಯೇ, ಪಾತ್ರೆ ಕೂರುವ ಕಾಲುಗಳು ಸಮವಾಗಿವೆಯೇ ಎಂಬುದನ್ನು ನೋಡಬೇಕು. ಪಂಖಾ ಇರುವ ಒಲೆಯಾದಲ್ಲಿ ಪಂಖಾ ಮತ್ತು ಬ್ಯಾಟರಿ ನಡೆಯುತ್ತವೆಯೇ ಹಾಗೂ ಅವುಗಳಿಗೆ ಬದಲಿ ದೊರೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪಂಖಾ ನಿಂತುಹೋದ ಇಂತಹ ಒಲೆಯು ಸಾಮಾನ್ಯವಾಗಿ ಹೆಚ್ಚು ಹೊಗೆಯಾಡುತ್ತದೆ.

ಭಾರತೀಯ ಮಾನಕ 13152 (ಭಾಗ 1): 2013ರ ಪ್ರಕಾರ ಸಾಗಿಸಬಹುದಾದ ಒಲೆಗಳ ಉಷ್ಣ ದಕ್ಷತೆಯು ಪಂಖಾರಹಿತ ಮಾದರಿಗೆ ಕನಿಷ್ಠ ಶೇ. 25, ಪಂಖಾಸಹಿತ ಮಾದರಿಗೆ ಕನಿಷ್ಠ ಶೇ. 35 ಇರಬೇಕು. ಮಾನಕದ ಗುರುತಿದ್ದರೂ ಒಳಭಾಗ ಸವೆದ ಒಲೆಯು ಈ ಮಟ್ಟವನ್ನು ಉಳಿಸಿಕೊಂಡಿರುವುದಿಲ್ಲ.

ಒಳಗಿನ ತಗಡನ್ನು ಬದಲಿಸುವಾಗ ಸತು ಲೇಪಿತ ತಗಡನ್ನು ಉರಿ ತಾಗುವ ಜಾಗದಲ್ಲಿ ಬಳಸಬಾರದು. ಹೆಚ್ಚಿನ ಶಾಖದಲ್ಲಿ ಸತುವಿನಿಂದ ಹಾನಿಕಾರಕ ಹೊಗೆ ಏಳುತ್ತದೆ. ಬಣ್ಣ ಅಥವಾ ಎಣ್ಣೆಯ ಡಬ್ಬಿಗಳ ತಗಡೂ ಯೋಗ್ಯವಲ್ಲ.

7. ಜೋಡಣೆಯ ಕ್ರಮ

(1) ಒಲೆಯನ್ನು ಕನಿಷ್ಠ ಒಂದು ದಿನ ಉರಿಸದೆ ತಣ್ಣಗಾಗಲು ಬಿಡುವುದು.
(2) ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ, ಅಂದರೆ ಕೊಳವೆ, ಹೊಗೆ ದಾರಿ, ಉರಿಗೂಡು, ಬೂದಿಕುಳಿ ಎಂಬ ಅನುಕ್ರಮದಲ್ಲಿ ಸ್ವಚ್ಛಗೊಳಿಸುವುದು. ಕಲ್ನಾರು ಕೊಳವೆಯಿದ್ದಲ್ಲಿ 5.5ರ ಎಚ್ಚರಿಕೆಯನ್ನು ಪಾಲಿಸುವುದು.
(3) ಒಳಪದರ ಮತ್ತು ಅಡ್ಡಗಟ್ಟೆಯನ್ನು ಸರಿಪಡಿಸುವುದು.
(4) ರಂಧ್ರಗಳ ಅಂಚನ್ನು ಪಾತ್ರೆಯ ಅಳತೆಗೆ ತರುವುದು.
(5) ನೆರಳಿನಲ್ಲಿ ಒಂದು ವಾರದಷ್ಟು ಕಾಲ ಒಣಗಲು ಬಿಡುವುದು. ಈ ಅವಧಿಯಲ್ಲಿ ಕಾಣುವ ಸಣ್ಣ ಬಿರುಕುಗಳಿಗೆ ತೆಳು ಮಣ್ಣು ಸವರುವುದು.
(6) ಜಾಲರಿಯನ್ನು ಸಡಿಲವಾಗಿ ಇಡುವುದು.
(7) ಮೊದಲ ಮೂರು ದಿನ ಸಣ್ಣ ಉರಿಯನ್ನು ಮಾತ್ರ ಹಾಕುವುದು. ಹಸಿ ಪದರಕ್ಕೆ ಒಮ್ಮೆಲೇ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಪದರವನ್ನು ಒಡೆಯುತ್ತದೆ.

8. ದುರಸ್ತಿ ಸರಿಯಾಗಿದೆಯೇ ಎಂಬ ಪರೀಕ್ಷೆ

ಹೊಗೆಯ ಪರೀಕ್ಷೆ: ಎಲ್ಲ ರಂಧ್ರಗಳ ಮೇಲೆ ಪಾತ್ರೆಗಳನ್ನಿಟ್ಟು ಒಂದು ಹಿಡಿ ಒಣ ಹುಲ್ಲನ್ನು ಉರಿಸುವುದು. ಹೊಗೆಯು ಕೊಳವೆಯ ತುದಿಯಿಂದ ಮಾತ್ರ ಹೊರಬರಬೇಕು. ಬೇರೆಡೆ ಕಂಡಲ್ಲಿ ಗುರುತು ಮಾಡಿ ಮಣ್ಣು ಮೆತ್ತುವುದು.

ಕಟ್ಟಿಗೆಯ ಪರೀಕ್ಷೆ: ದುರಸ್ತಿಗೆ ಮೊದಲು ಹಾಗೂ ನಂತರ, ಅದೇ ಪಾತ್ರೆಯಲ್ಲಿ 5 ಲೀಟರ್ ನೀರನ್ನು ಅದೇ ಬಗೆಯ ಒಣ ಕಟ್ಟಿಗೆಯಿಂದ ಕುದಿಸುವುದು. ಕಟ್ಟಿಗೆಯನ್ನು ಮೊದಲೇ ತೂಗಿ, ಕುದಿ ಬಂದ ಕೂಡಲೇ ಉಳಿದುದನ್ನು ಆರಿಸಿ ತೂಗಿ ಕಳೆಯುವುದು.

ಉದಾಹರಣೆಗೆ: ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಗದಗಿನಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 25 ಡಿಗ್ರಿಯ 5 ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸುಮಾರು 1,530 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋಗ್ರಾಂ ಒಣ ಕಟ್ಟಿಗೆಯಲ್ಲಿ ಸುಮಾರು 16,000 ಕಿಲೋಜೂಲ್ ಇದೆಯೆಂದು ಇಟ್ಟುಕೊಂಡರೆ, ಶೇ. 10 ದಕ್ಷತೆಯ ಒಲೆಗೆ ಸುಮಾರು 950 ಗ್ರಾಂ ಕಟ್ಟಿಗೆ ಬೇಕಾಗುತ್ತದೆ, ಶೇ. 25 ದಕ್ಷತೆಯ ಒಲೆಗೆ ಸುಮಾರು 380 ಗ್ರಾಂ ಸಾಕು. ಮೂರು ಕಲ್ಲಿನ ಒಲೆಯ ದಕ್ಷತೆ ಸಾಮಾನ್ಯವಾಗಿ ಶೇ. 10 ರಿಂದ 15ರಷ್ಟಿರುತ್ತದೆ. ಮನೆಯ ಪರೀಕ್ಷೆಯಲ್ಲಿ ಅಂಕಿಗಳು ಬೇರೆಯಾಗಬಹುದು. ಆದರೆ ದುರಸ್ತಿಯ ನಂತರವೂ ತೂಕದಲ್ಲಿ ಇಳಿಕೆ ಕಾಣದಿದ್ದಲ್ಲಿ 4ನೇ ಕಂಡಿಕೆಯಂತೆ ಪುನಃ ಪರಿಶೀಲಿಸಬೇಕು.

9. ಇಂಧನ

ಸರಿಯಾದ ಒಲೆಯೂ ಹಸಿ ಕಟ್ಟಿಗೆಯಲ್ಲಿ ಹೊಗೆಯಾಡುತ್ತದೆ. ಉರಿಯ ಶಾಖವು ಮೊದಲು ಕಟ್ಟಿಗೆಯೊಳಗಿನ ನೀರನ್ನು ಆವಿ ಮಾಡುವುದಕ್ಕೆ ವ್ಯಯವಾಗುತ್ತದೆ. ಜಾಲಿ ಕಟ್ಟಿಗೆಯನ್ನು ಸೀಳಿ, ಮಳೆ ತಾಗದಂತೆ ಕೆಲವು ತಿಂಗಳು ಒಣಗಿಸಿ ಬಳಸುವುದು. ಹತ್ತಿ ಮತ್ತು ತೊಗರಿಯ ಕಡ್ಡಿಗಳು ಬೇಗ ಉರಿಯುವುದರಿಂದ ಒಮ್ಮೆಲೇ ತುರುಕದೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕುಳ್ಳಿನಲ್ಲಿ ಬೂದಿ ಹೆಚ್ಚಿರುವುದರಿಂದ ಬೂದಿಕುಳಿಯನ್ನು ಪ್ರತಿದಿನ ಖಾಲಿ ಮಾಡಬೇಕು. ಪ್ಲಾಸ್ಟಿಕ್, ಟೈರ್ ಹಾಗೂ ಬಣ್ಣ ಬಳಿದ ಮರವನ್ನು ಉರಿಸಬಾರದು.

ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ಅಲ್ಲಿ ಮರ ಕಡಿಯುವುದು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಉಲ್ಲಂಘನೆಯಾಗುತ್ತದೆ. ಕಟ್ಟಿಗೆಯ ಅಗತ್ಯವನ್ನು ತಗ್ಗಿಸುವ ಪ್ರತಿಯೊಂದು ಒಲೆಯಿಂದ ಗುಡ್ಡಕ್ಕೂ ಕಟ್ಟಿಗೆ ಹೊರುವವರಿಗೂ ಹೊರೆ ತಗ್ಗುತ್ತದೆ.

10. ಸುರಕ್ಷತೆ

* ಕೆಂಡ ತುಂಬಿದ ಶೇಗಡಿಯನ್ನು ಬಾಣಂತಿ ಕೋಣೆಯಲ್ಲಾಗಲಿ, ಬಾಗಿಲು-ಕಿಟಕಿ ಮುಚ್ಚಿದ ಇತರ ಕೋಣೆಗಳಲ್ಲಾಗಲಿ ಇಟ್ಟು ಮಲಗಬಾರದು. ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಕಂಡಲ್ಲಿ ಕೂಡಲೇ ಹೊರಗಾಳಿಗೆ ಬಂದು 108ಕ್ಕೆ ಕರೆ ಮಾಡುವುದು.
* ಹೊಗೆ ಕೊಳವೆಯಿದ್ದರೂ ಕಿಟಕಿ ಹಾಗೂ ಬೆಳಕಿಂಡಿಯನ್ನು ತೆರೆದಿಡಬೇಕು.
* ಉರಿಯುತ್ತಿರುವ ಒಲೆಗೆ ಸೀಮೆಎಣ್ಣೆ ಸುರಿಯಬಾರದು.
* ಅಡುಗೆ ಅನಿಲದ ಸಿಲಿಂಡರ್ ಇರುವ ಕೋಣೆಯಲ್ಲಿ ಕಟ್ಟಿಗೆ ಒಲೆಯನ್ನು ಉರಿಸಬಾರದು. ಅನಿಲ ಸೋರಿಕೆಯ ತುರ್ತು ಸಹಾಯವಾಣಿ: 1906.
* ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಯಬಿಡುವುದು. ಪೇಸ್ಟ್, ಅರಿಶಿನ, ಎಣ್ಣೆ ಹಚ್ಚದೆ ಆಸ್ಪತ್ರೆಗೆ ಕರೆದೊಯ್ಯುವುದು.
* ಬೆಂಕಿ ಅನಾಹುತಕ್ಕೆ: 101 ಅಥವಾ 112.

11. ಅಡುಗೆ ಅನಿಲ ಸಂಪರ್ಕಕ್ಕೆ ಅರ್ಜಿ

ದುರಸ್ತಿಗೊಂಡ ಒಲೆಯು ಹೊಗೆಯನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆದ್ದರಿಂದ ಅನಿಲ ಸಂಪರ್ಕವಿಲ್ಲದ ಅರ್ಹ ಕುಟುಂಬಗಳು ಪ್ರಧಾನ ಮಂತ್ರಿ ಉಜ್ವಲ ಯೋಜನೆಯಡಿ ಅರ್ಜಿ ಸಲ್ಲಿಸುವುದು ಹಿತಕರ. 1 ಮೇ 2016ರಂದು ಆರಂಭವಾದ ಈ ಯೋಜನೆಯ ಎರಡನೆಯ ಹಂತವು ಆಗಸ್ಟ್ 2021ರಲ್ಲಿ ಜಾರಿಗೆ ಬಂದಿತು.

ಅರ್ಹತೆ: ಅರ್ಜಿದಾರರು 18 ವರ್ಷ ತುಂಬಿದ, ಬಡ ಕುಟುಂಬದ ಮಹಿಳೆಯಾಗಿರಬೇಕು. ಅದೇ ಮನೆಯಲ್ಲಿ ಬೇರೆ ಅನಿಲ ಸಂಪರ್ಕ ಇರಬಾರದು.

ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಆಧಾರ್, ಪಡಿತರ ಚೀಟಿ ಅಥವಾ ಕುಟುಂಬದ ವಿವರದ ದಾಖಲೆ, ಬ್ಯಾಂಕ್ ಖಾತೆಯ ವಿವರ ಹಾಗೂ ಭಾವಚಿತ್ರ. ಅರ್ಜಿಯನ್ನು ಸಮೀಪದ ಅನಿಲ ವಿತರಕರಲ್ಲಿ ಅಥವಾ ಯೋಜನೆಯ ಜಾಲತಾಣದಲ್ಲಿ ಸಲ್ಲಿಸಬಹುದಾಗಿದೆ. ಹೊಸ ಸಂಪರ್ಕಗಳ ಮಂಜೂರಾತಿಯು ಆಯಾ ವರ್ಷದ ಗುರಿಗೆ ಒಳಪಟ್ಟಿರುವುದರಿಂದ ಅರ್ಜಿಗೆ ಮೊದಲು ವಿತರಕರಲ್ಲಿ ವಿಚಾರಿಸಿಕೊಳ್ಳುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಕಟ್ಟಿಗೆ ಒಲೆ ಇದ್ದರೆ ಉಜ್ವಲ ಸಂಪರ್ಕಕ್ಕೆ ಅಡ್ಡಿಯಾಗುತ್ತದೆಯೇ?
ಉತ್ತರ: ಇಲ್ಲ. ಬೇರೆ ಅನಿಲ ಸಂಪರ್ಕವಿದ್ದರೆ ಮಾತ್ರ ಅಡ್ಡಿಯಾಗುತ್ತದೆ.

ಪ್ರಶ್ನೆ: ಹಳೆಯ ಒಲೆಯನ್ನು ಯಾವಾಗ ಪೂರ್ತಿ ತೆಗೆಯಬೇಕು?
ಉತ್ತರ: ಹೊರಗೋಡೆಯೇ ಸೀಳಿದ್ದರೆ, ತಳ ಕುಸಿದಿದ್ದರೆ ಅಥವಾ ಕೊಳವೆಗೆ ಸುರಕ್ಷಿತ ದಾರಿಯೇ ಇಲ್ಲದಿದ್ದರೆ ದುರಸ್ತಿಗೆ ಹಣ ವ್ಯಯಿಸುವುದು ಉಚಿತವಲ್ಲ.

ಪ್ರಶ್ನೆ: ಬಚ್ಚಲಿನ ಹಂಡೆ ಒಲೆಗೂ ಈ ಕ್ರಮ ಅನ್ವಯಿಸುತ್ತದೆಯೇ?
ಉತ್ತರ: ಹೌದು. ಜಾಲರಿ, ಒಳಪದರ ಮತ್ತು ಕೊಳವೆಯ ವಿಷಯದಲ್ಲಿ ಪೂರ್ತಿ ಅನ್ವಯಿಸುತ್ತದೆ. ಹಂಡೆಯ ಸುತ್ತಲಿನ ಸಂದು ಎಲ್ಲ ಕಡೆ ಸಮವಾಗಿರುವಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ದುರಸ್ತಿಯ ನಂತರ ನಿರ್ವಹಣೆ ಹೇಗೆ?
ಉತ್ತರ: ಬೂದಿಯನ್ನು ಪ್ರತಿದಿನ, ಹೊಗೆ ದಾರಿಯನ್ನು ತಿಂಗಳಿಗೊಮ್ಮೆ, ಕೊಳವೆಯನ್ನು ಎರಡು-ಮೂರು ತಿಂಗಳಿಗೊಮ್ಮೆ ಸ್ವಚ್ಛಗೊಳಿಸುವುದು. ಮಳೆಗಾಲಕ್ಕೆ ಮುಂಚೆ ಟೋಪಿ ಹಾಗೂ ಮಾಳಿಗೆಯ ಸಂದನ್ನು ಪರೀಕ್ಷಿಸುವುದು. ಜಾಲರಿಯ ಅಳತೆಯನ್ನು ಬರೆದಿಟ್ಟುಕೊಂಡರೆ ಮುಂದಿನ ಬದಲಾವಣೆ ಸುಲಭವಾಗುತ್ತದೆ.